ಬೆಟ್ಟದ ಪಂಜರದ ಸೊಳ್ಳೆಗಳು

ಸೊಳ್ಳೆಯಮ್ಮ ಎಂದು ಅವಳಿಗೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅವಳು ಅದಕ್ಕೆ ಬೇಜಾರು ಮಾಡಿಕೊಂಡದ್ದೂ ಇಲ್ಲ. ಜನ ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ. ಗಂಡ ತೀರಿಕೊಂಡ ಮೇಲೆ ಇವಳು ಮಗಳನ್ನು ಸಾಕುವುದಕ್ಕಾಗಿ ಮಲೇರಿಯಾ ಪ್ರಯೋಗಾಲಯದಲ್ಲಿ ಸೊಳ್ಳೆ ಸಾಕಿದಳು. ಕಿಟಕಿಯಿಲ್ಲದ ಬಿಸಿ ಕೋಣೆ, ಬೇರೆ ಬೇರೆ ಮೇಜಿನ ಮೇಲೆ ಮೂರು ಬಲೆಯ ಪಂಜರ. ಒಂದರಲ್ಲಿ ಜೌಗು ನೆಲದ ಸೊಳ್ಳೆ, ಒಂದರಲ್ಲಿ ಪೇಟೆಯದು, ಇನ್ನೊಂದರಲ್ಲಿ ಬೆಟ್ಟದ್ದು. ಎಲ್ಲವೂ ಒಂದೇ ಜಾತಿ, ಕಣ್ಣಿಗೆ ತದ್ರೂಪು. ವ್ಯತ್ಯಾಸವೇನಿದ್ದರೂ ವಂಶವಾಹಿಯಲ್ಲಿ, ಅದು ಯಂತ್ರಕ್ಕೆ ಮಾತ್ರ ಕಾಣುತ್ತದೆ. ಪಂಜರದಲ್ಲೇ ಹುಟ್ಟಿದ, ರೋಗವಿಲ್ಲದ ಸೊಳ್ಳೆಗಳಾದ್ದರಿಂದ ಊಟಕ್ಕೆ ಅವಳು ತನ್ನ ತೋಳನ್ನೇ ಒಳಗಿಡುತ್ತಿದ್ದಳು.

"ನಮ್ಮ ಬೀಗರಿಗಿಂತ ವಾಸಿ. ಉಂಡು ಸುಮ್ಮನೆ ಹೋಗ್ತವೆ," ಎನ್ನುತ್ತಿದ್ದಳು.

ಆ ಬೀಗರು ಇದ್ದದ್ದು ಬೆಟ್ಟದ ಮೇಲಿನ ಊರಲ್ಲಿ. ಒಂದು ಮಧ್ಯಾಹ್ನ ಅಲ್ಲಿಂದ ಮಗಳು ಫೋನ್ ಮಾಡಿ ತಾನು ಬಸುರಿ ಎಂದಳು. ಸಂತೋಷಕ್ಕೆ ಇವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತಾರೆ, ಇರುವೆ ಹತ್ತದಿರಲಿ ಎಂದು. ಬೆಟ್ಟದ ಪಂಜರದ ಮೇಜಿನ ಬಟ್ಟಲಿಗೆ ನೀರು ಹಾಕುವುದು ಅವತ್ತು ಮರೆತೇಹೋಯಿತು. ಬೆಳಿಗ್ಗೆ ಬಂದು ನೋಡಿದರೆ ಆ ಪಂಜರದಲ್ಲಿ ಉಳಿದದ್ದು ರೆಕ್ಕೆಗಳು ಮಾತ್ರ.

ಅಳುತ್ತ ಕೂರುವ ಪೈಕಿ ಅಲ್ಲ ಅವಳು. ಪೇಟೆಯಲ್ಲೇ ಇದ್ದ ತನ್ನ ಮನೆಯ ನೀರಿನ ಟ್ಯಾಂಕಿನಿಂದ ಒಂದು ಕ್ಯಾನು ತುಂಬ ಸೊಳ್ಳೆಯ ಮರಿಹುಳು ತಂದು ಬೆಟ್ಟದ ಪಂಜರ ತುಂಬಿಸಿದಳು. ಸೊಳ್ಳೆಗಳ ಹಣೆಯ ಮೇಲೇನು ಊರ ಹೆಸರು ಬರೆದಿರುತ್ತದೆಯೇ? ಯಾರಿಗೂ ಗೊತ್ತಾಗಲಿಲ್ಲ. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬಾಗಿಲು ಸದ್ದಾದರೆ ಸಾಕು, ಹೋಗಿ ಆ ಪಂಜರಕ್ಕೆ ಅಡ್ಡ ನಿಲ್ಲುತ್ತಿದ್ದಳು.

ಕೊನೆಗೆ ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಮೇಡಂ, ಮೂರೂ ಪಂಜರದ ಸೊಳ್ಳೆಗಳನ್ನು ಯಂತ್ರಕ್ಕೆ ಹಾಕಿಸಿದರು. ಫಲಿತಾಂಶ ಬಂದ ದಿನ ಅವರ ಮುಖ ಮದುವೆಮನೆಯಂತಿತ್ತು.

"ಬೆಟ್ಟದ್ದೂ ಪೇಟೇದೂ ಒಂದೇ ವಂಶ ಕಣಮ್ಮ! ಪೇಟೇಲಿ ಹೊಡೆಯೋ ಹಳೇ ಔಷಧಿನೇ ಅಲ್ಲಿಗೂ ಸಾಕು. ಬೆಟ್ಟದ ಊರುಗಳಲ್ಲಿ ಜ್ವರ ಶುರುವಾಗಿದೆ, ನಾಳೆನೇ ಕಳಿಸ್ತೀನಿ."

ಸೊಳ್ಳೆಯಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು. ಆ ಔಷಧಿಗೆ ಬೆಟ್ಟದ ಸೊಳ್ಳೆ ಸಾಯದಿದ್ದರೆ? ಬಸುರಿಗೆ ಮಲೇರಿಯಾ ಬಂದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ, ವರ್ಷಗಟ್ಟಲೆ ಅದೇ ಮಾತಿನ ನಡುವೆ ಕಸ ಗುಡಿಸಿದ್ದಳು. ಕೆಲಸ ಹೋದೀತೆಂಬ ಭಯವೂ ಇತ್ತು. ಮಗಳ ಭಯ ಅದಕ್ಕಿಂತ ದೊಡ್ಡದಾಯಿತು.

"ಮೇಡಂ, ಅವು ಬೆಟ್ಟದವಲ್ಲ. ನಮ್ಮನೆ ಟ್ಯಾಂಕಿನವು."

ಮೇಡಂ ನಕ್ಕರು. "ಯಂತ್ರ ಸುಳ್ಳು ಹೇಳಲ್ಲಮ್ಮ."

"ಯಂತ್ರ ಹೇಳಿಲ್ಲ ಮೇಡಂ. ಹೇಳಿದ್ದು ನಾನು."

ಇರುವೆಯಿಂದ ಹಿಡಿದು ಕ್ಯಾನಿನವರೆಗೆ ಎಲ್ಲ ಹೇಳಿದಳು. ಮೇಡಂ ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಕುಡಿದರು. ಬಳಿಕ ಫೋನ್ ಎತ್ತಿ ಔಷಧಿಯ ಲಾರಿ ನಿಲ್ಲಿಸಿದರು.

"ನಿನ್ನನ್ನ ಮನೆಗೆ ಕಳಿಸ್ಬೇಕು," ಎಂದರು. "ಆದ್ರೆ ಬೆಟ್ಟಕ್ಕೆ ಹೋಗಿ, ಕಾಲು ಬಿಟ್ಕೊಂಡು ಕೂತು ಸೊಳ್ಳೆ ಹಿಡಿಯೋರು ಬೇರೆ ಯಾರೂ ಸಿಗಲ್ಲ. ಮೊದ್ಲು ಹಿಡ್ಕೊಂಡು ಬಾ. ಕೆಲಸದ ಮಾತು ಆಮೇಲೆ."

ಜ್ವರ ಬಾರದಿರಲೆಂದು ಮಾತ್ರೆಯನ್ನೂ ಕೊಟ್ಟರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಸೊಳ್ಳೆಯಮ್ಮ ಬಸ್ಸು ಹತ್ತಿದಳು.

ಸಂಜೆಗತ್ತಲಲ್ಲಿ ಮಗಳ ಮನೆಯ ಜಗಲಿಯ ಮೇಲೆ, ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಗಾಜಿನ ಕೊಳವೆ ಹಿಡಿದು ಕೂತಳು. ಸೊಳ್ಳೆಗಳು ಬಂದವು, ಧಾರಾಳವಾಗಿಯೇ ಬಂದವು. ಕೂತವನ್ನು ಕೊಳವೆಗೆ ಸೇರಿಸುತ್ತಿದ್ದಳು. ಕೆಲವು ಕಚ್ಚಿದ ಮೇಲೇ ಸಿಗುತ್ತಿದ್ದವು.

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದಳು. "ಅಮ್ಮಾ, ಹುಚ್ಚಾ ನಿಂಗೆ? ಎಲ್ಲಾ ನಿನ್ನೇ ಮುತ್ಕೊಂಡಿವೆ. ಒಳಗೆ ಬಾ."

"ನನ್ನ ಹತ್ರ ಇರೋವಷ್ಟು ಹೊತ್ತು ನಿನ್ನ ಹತ್ರ ಬರಲ್ಲ," ಎಂದಳು ತಾಯಿ, ತಲೆ ಎತ್ತದೆ. "ನೀನು ಬಾಗಿಲು ಹಾಕ್ಕೊ."