ಅಚ್ಚು ವಾರೆಯಾಗಿ ಕೂತ ದಿನ

ಬೈಕಿನಿಂದ ಬಿದ್ದು ನನ್ನ ಕೆಳದವಡೆಯ ಎಡಬದಿಯ ಹಲ್ಲುಗಳು ಹೋದವು. ಅದು 2008ರ ಶ್ರಾವಣ. ಬಾಗಲಕೋಟೆಯ ಡಾಕ್ಟರು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಅಳೆದು, ವಸಡಿನ ಮೇಲೆ ಕೂರುವ ಪ್ಲಾಸ್ಟಿಕ್ ಅಚ್ಚೊಂದನ್ನು ತರಿಸಿದರು. ಅದರ ತೂತುಗಳಲ್ಲೇ ಎಲುಬು ಕೊರೆದು ಹೊಸ ಹಲ್ಲಿಗೆ ಲೋಹದ ಬೇರು ಕೂರಿಸುವುದು.

“ಕಂಪ್ಯೂಟರ್ ತಪ್ಪಂಗಿಲ್ಲ, ಹೌದಲ್ರಿ?” ಎಂದೆ.

“ಒಂದೆರಡು ಮಿಲಿಮೀಟರ್ ಸರಿಬಹುದು. ಕೆಳಗ ನರ ಐತಿ. ಅದಕ್ಕ ತಾಗಿದ್ರ ತುಟಿ ಕಾಯಂ ಜೋಮು ಹಿಡೀಬಹುದು.”

‘ದೇವರಿಲ್ಲ’ ಎಂದು ವಾದಿಸಿ ಚರ್ಚಾಸ್ಪರ್ಧೆ ಗೆಲ್ಲುತ್ತಿದ್ದವನು ನಾನು. ತುಟಿ ಹೋದರೆ ಮಾತು ಹೋದಂತೆ.

ಇಳಕಲ್ಲಿನ ಮಗ್ಗದ ಮನೆಯ ನನ್ನವ್ವ ಹರಕೆ ಹೊತ್ತಳು. “ನಿನ್ನ ಕೆಲಸ ಮುಗಿಯೂತನಕ ಹನಿ ನೀರು ಮುಟ್ಟಂಗಿಲ್ಲ. ಬನಶಂಕರಿಗೆ ಹೇಳೇನಿ.”

“ಅಕಿಗೆ ಮಿಲಿಮೀಟರ್ ಗೊತ್ತೇನಬೇ?”

“ಹೊಟ್ಟ್ಯಾಗ ನಿನಗ ಕಣ್ಣು, ಮೂಗು ಅಳತಿ ಮಾಡಿ ಇಟ್ಟಾಕಿಗೆ ಹಲ್ಲಿಂದು ತಿಳಿಯಂಗಿಲ್ಲೇನು, ಖೋಡಿ?”

ಆ ದಿನ ಅವ್ವನನ್ನು ಹೊರಗೆ ಕೂರಿಸಿ, ನನಗೆ ಮರಗಟ್ಟಿಸುವ ಸೂಜಿ ಚುಚ್ಚಿ, ಬಾಯಿ ಮುಚ್ಚದಂತೆ ರಬ್ಬರಿನ ತುಂಡು ಸಿಕ್ಕಿಸಿ, ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದರು. ಕೈಗಳೂ ಬಟ್ಟೆಯಡಿ. ಅಚ್ಚು ಕೂರಿಸಿದಾಗ ಅದರ ಹಿಂಬದಿ ಎದ್ದಿರುವುದು ಮರಗಟ್ಟದ ನಾಲಿಗೆಯ ತುದಿಗೆ ತಿಳಿಯಿತು. ಕೂಗಿದೆ. ಬರೀ ‘ಆ’ ಬಂತು.

“ಅಂಜಬ್ಯಾಡ್ರಿ,” ಎಂದರು ಡಾಕ್ಟರು. ಕೊರೆಯುವ ಯಂತ್ರ ಗುಂಯ್ ಎಂದಿತು. ಜೀವನದಲ್ಲಿ ಮೊದಲ ಸಲ ವಾದಕ್ಕೆ ನನ್ನ ಬಳಿ ಬಾಯಿಯಿರಲಿಲ್ಲ. ತಾಯೀ, ನಿಲ್ಲಿಸು ಎಂದೆ, ಮನಸ್ಸಿನಲ್ಲೇ.

ಬಾಗಿಲು ಬಡಿದು ನರ್ಸ್ ಕೂಗಿದಳು. “ಸರ್, ಹೊರಗ ಇವರ ಅವ್ವ ಬಿದ್ದಾರ್ರಿ!”

ಯಂತ್ರ ಇಟ್ಟು, ಅಚ್ಚು ತೆಗೆದು ಡಾಕ್ಟರು ಓಡಿದರು. ಅವ್ವನಿಗೇನಾಯಿತೋ ಎಂದು ಬಟ್ಟೆಯಡಿ ಬೆವತೆ. ಮರಳಿ ಬಂದು, “ಆರಾಮ್ ಅದಾರ, ಸಲೈನ್ ಹಚ್ಚೇವಿ,” ಎಂದು ಅಚ್ಚನ್ನು ಮತ್ತೆ ಕೂರಿಸಿದವರು, ಅದು ಮೊದಲಿಗಿಂತ ಕೆಳಗಿಳಿದು ಕೂತದ್ದು ಕಂಡು ಕೈ ತಡೆದರು. ಎಕ್ಸ್‌ರೇ ತೆಗೆದರು.

“ಸೂಜಿಗೆ ವಸಡು ಉಬ್ಬಿತ್ತು, ಅಚ್ಚು ವಾರಿ ಕುಂತಿತ್ತು. ಈಗ ಬಾವು ಇಳದೈತಿ. ಹಂಗ ಕೊರದಿದ್ರ ನರಕ್ಕ ಹೊಕ್ಕಿದ್ವಿ.”

ಕೆಲಸ ಮುಗಿದ ಮೇಲೆ ಅವ್ವ ಹೇಳಿದ ಮೊದಲ ಮಾತು: “ಸಲೈನ್ ಲೆಕ್ಕಕ್ಕಿಲ್ಲ ನೋಡು. ನಾ ಕುಡದಿಲ್ಲ!”

ಉಪವಾಸಕ್ಕೆ ತಲೆ ತಿರುಗಿತು, ಇದರಲ್ಲಿ ದೇವಿಯೆಲ್ಲಿ ಎಂದು ಗೆಳೆಯರು ಕೇಳುತ್ತಾರೆ. ಕಾರಣ ನನಗೂ ಗೊತ್ತು. ಕಾರಣ ಗೊತ್ತಾದರೆ ಕರುಣೆ ಸುಳ್ಳಾಗುತ್ತದೆಯೇ? ನಾನು ಕೇಳಿದ್ದು ‘ನಿಲ್ಲಿಸು’ ಎಂಬ ಒಂದೇ ಮಾತು. ನಿಂತಿತು.

ಆದರೂ ಅಂದು ಊರಿಗೆ ಮರಳುವ ಬಸ್ಸಿನಲ್ಲಿ, ಹುನಗುಂದ ದಾಟುವವರೆಗೆ ಭಯವಿತ್ತು. ತುಟಿ ಕಲ್ಲಿನಂತಿತ್ತು, ಸೂಜಿಯ ಜೋಮೋ, ನರದ್ದೋ? ಸೋರುತ್ತಿದ್ದ ಜೊಲ್ಲನ್ನು ಅವ್ವ ಸೆರಗಿನಿಂದ ಒರೆಸಿದಳು. ತುಟಿ ಚುರ್ ಎಂದಿತು.

“ನೋವಾತೇನೋ?”

“ಹೌದಬೇ, ಆತು!” ಎಂದು ಅತ್ತುಬಿಟ್ಟೆ.

ಬನಶಂಕರಿ ತಾಯೀ, ಆ ನೋವನ್ನು ನಿನ್ನ ಪ್ರಸಾದವೆಂದು ತೆಗೆದುಕೊಂಡಿದ್ದೇನೆ.