ಇಂಡಿಯಲ್ಲಿ ಮಾತ್ರ ಕೆಡದ ಕಂಪ್ಯೂಟರ್

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದವಳು ನಾನೊಬ್ಬಳೇ. ಇದನ್ನು ಆಗಾಗ ಹೇಳುತ್ತಿರುತ್ತೇನೆ. ಕಷ್ಟಪಟ್ಟು ಓದಿದ್ದೇನೆ, ಯಾಕೆ ಹೇಳಬಾರದು? ಅದಕ್ಕೇ ಗುಮಾಸ್ತರ ಹುದ್ದೆಗೆ ಅರ್ಜಿ ಕರೆದಾಗ ಸಿಂದಗಿಯ ನಮ್ಮ ಓಣಿಯಲ್ಲೆಲ್ಲ ಸಾರಿಬಿಟ್ಟೆ: "ಆನ್‌ಲೈನ್ ಸೆಂಟರಿಗೆ ಯಾಕ ಹೋಗಬೇಕ್ರಿ? ಮನ್ಯಾಗ ಕಂಪ್ಯೂಟರ್ ಐತಿ, ತುಂಬಾಕ ನಾ ಅದೇನಿ."

ಕಂಪ್ಯೂಟರ್ ಇತ್ತು, ನಿಜ. ಹಳೆಯದು, ಸೆಕೆಂಡ್ ಹ್ಯಾಂಡ್. ಅರ್ಜಿಯ ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಪರದೆ ನೀಲಿಯಾಗಿ, ತಾನಾಗಿಯೇ ಬಂದ್ ಆಗುತ್ತಿತ್ತು. ತುಂಬಿದ್ದೆಲ್ಲ ಮಾಯ. ಕೊನೆಯ ದಿನಕ್ಕೆ ಎರಡು ವಾರ ಉಳಿದಿತ್ತು.

ಬಿಸಿಯಾಗಿರಬೇಕು ಎಂದು ಸಿಪಿಯು ಡಬ್ಬಿಯ ಮಗ್ಗುಲಿನ ತಗಡು ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದೆ. ನಾನು ಬೆವೆತೆ, ಅದು ತಂಪಾಗಿ ಕೂತು ಬಂದ್ ಆಯಿತು. ಕರೆಂಟಿನ ತಂಟೆ ಇರಬಹುದೆಂದು ವೈರು ಬದಲಿಸಿದೆ, ಆಗಲೂ ಬಂದ್. ಆಮೇಲೆ ಡಬ್ಬಿಯನ್ನು ಹಳೆ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ರಿಪೇರಿಗೆಂದು ಪಕ್ಕದ ತಾಲೂಕಿನ ಇಂಡಿ ಊರಿನ ಬಸ್ಸಿನಲ್ಲಿ ಕೂತೆ. ಪಕ್ಕದ ಸೀಟಿನ ಮುದುಕಿ, "ಕೂಸಿಗೆ ಒಂಚೂರು ಗಾಳಿ ಆಡ್ಲಿ ಬಿಡಬೇ" ಎಂದಳು.

ಇಂಡಿಯ ರಿಪೇರಿ ಅಂಗಡಿಯಲ್ಲಿ ಅದು ಸಂಜೆಯವರೆಗೆ ಒಮ್ಮೆಯೂ ನಿಲ್ಲಲಿಲ್ಲ. ರಿಪೇರಿಯವನು ಒಳಗಿನ ಮೆಮೊರಿ ಪಟ್ಟಿ ತೆಗೆದು, ಅಳಿಸುವ ರಬ್ಬರಿನಿಂದ ತಿಕ್ಕಿ, ಮತ್ತೆ ಕೂರಿಸಿದ. "ಇದು ಕುಂದ್ರೂ ಜಾಗಾ ಸ್ವಲ್ಪ ಸಡ್ಲ ಐತ್ರಿ ಅಕ್ಕಾರ. ಉಳದದ್ದೆಲ್ಲ ಚೊಲೋ ಐತಿ. ನಿಮ್ಮೂರ ನೀರ ಒಗ್ಗವಲ್ದೇನೋ."

ಮರುದಿನ ಸಿಂದಗಿಯಲ್ಲಿ ಮತ್ತೆ ನೀಲಿ.

ವಿಜ್ಞಾನ ಓದಿದವಳು, ಬಿಡುತ್ತೇನೆಯೇ? ಬಂದ್ ಆದ ದಿನ, ಹೊತ್ತು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅವ್ವನಿಗೆ ಓದು ಬರುವುದಿಲ್ಲ, ಗಟ್ಟಿಯಾಗಿ ಓದಿ ಹೇಳಿದೆ. ಸೋಮವಾರ ಹನ್ನೊಂದು, ಮಂಗಳವಾರ ಹನ್ನೊಂದೂವರೆ, ಬುಧವಾರ ಇಲ್ಲ (ಆದರೆ ಅಂದು ಅರ್ಜಿಯ ವೆಬ್‌ಸೈಟೇ ತೆರೆಯಲಿಲ್ಲ), ಗುರುವಾರ ಹತ್ತು.

"ಬುಧವಾರ ನಾ ಲಚ್ಯಾಣಕ್ಕ ಹೋಗಿದ್ನಲ್ಲ," ಎಂದಳು ಅವ್ವ.

"ನೀ ಹೋಗೂದಕ್ಕೂ ಇದಕ್ಕೂ ಏನ್ ಸಂಬಂಧ ಬೇ?"

"ನಾ ಮನ್ಯಾಗಿದ್ರ ರೊಟ್ಟಿ ಬಡೀತೇನಿ. ಬಡದ್ರ ನಿನ್ನ ಡಬ್ಬಿ ಕುಣೀತೈತಿ. ಕಣ್ಣಿಗೆ ಕಾಣೂದಿಲ್ಲೇನ?"

ಅವ್ವ ಮದುವೆ ಮನೆಗಳಿಗೆ ಜೋಳದ ಕಡಕ್ ರೊಟ್ಟಿ ಮಾಡಿಕೊಡುತ್ತಾಳೆ. ಅಡುಗೆಮನೆಯಿಂದ ಗೋಡೆ ದಾಟಿ ನನ್ನ ಕೋಣೆಯವರೆಗೆ ಒಂದೇ ಕಲ್ಲಿನ ಕಟ್ಟೆ. ಆ ತುದಿಗೆ ಅವಳ ಹಿಟ್ಟು, ಈ ತುದಿಗೆ ನನ್ನ ಕಂಪ್ಯೂಟರ್. ಅವಳು ದಪ್ ದಪ್ ಬಡಿದರೆ ಇಲ್ಲಿ ಸಡಿಲಾದ ಪಟ್ಟಿ ಅಲುಗುತ್ತಿತ್ತು. ಕಾಲೇಜಿನಲ್ಲಿ ಕಂಪನದ ಪಾಠದಲ್ಲಿ ಇಡೀ ತರಗತಿಗೆ ನನ್ನದೇ ಹೆಚ್ಚಿನ ಅಂಕ. ಯಾರಿಗೂ ಹೇಳಬೇಡ ಎಂದು ಅವ್ವನನ್ನು ಬೇಡಿಕೊಂಡೆ. ಚಹಾ ಕುದಿಯುವುದರೊಳಗೆ ಓಣಿಗೆಲ್ಲ ಗೊತ್ತಾಗಿತ್ತು.

ಆಮೇಲೆ ಅರ್ಜಿಯ ವೆಬ್‌ಸೈಟ್ ಮತ್ತೆ ತೆರೆದದ್ದು ಕೊನೆಯ ದಿನವೇ, ಅಂದೇ ಅವ್ವನಿಗೆ ದೊಡ್ಡ ಆರ್ಡರ್ ಬಂತು. ಸಂಜೆಯೊಳಗೆ ರೊಟ್ಟಿ ಮದುವೆ ಮನೆ ಮುಟ್ಟಬೇಕು. ಐದಕ್ಕೆ ಅರ್ಜಿ ಬಂದ್. ಬಡಿಯಲು ಓಣಿಯ ಮೂವರು ಹೆಂಗಸರು ಬಂದಿದ್ದರು. ಡಬ್ಬಿಯನ್ನು ಕಟ್ಟೆಯಿಂದ ಇಳಿಸೋಣವೆಂದರೆ ವೈರು ಸಾಲದು, ಕೋಣೆಯಲ್ಲಿ ಬೇರೆ ಪ್ಲಗ್ ಇಲ್ಲ. ಅವ್ವ ಹೊದೆಯುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಕೆಳಗೆ ತುರುಕಿದಳು. ಅವಳೊಬ್ಬಳೇ ಬಡಿದಾಗ ಏನೂ ಆಗಲಿಲ್ಲ. ನಾಲ್ವರೂ ಕೂಡಿ ಬಡಿದಾಗ ನೀಲಿ. ಆಗ ಒಪ್ಪಂದವಾಯಿತು: ನಾನು ತುಂಬುವಾಗ ಅವ್ವ ಮಾತ್ರ ಬಡಿಯುವುದು, ಕೊನೆಯ ಗುಂಡಿ ಒತ್ತುವಾಗ ಯಾರೂ ಬಡಿಯಕೂಡದು.

ನಾಲ್ಕೂವರೆಗೆ, "ಕೈ ಎತ್ತರಿ" ಎಂದೆ. ನಾಲ್ವರೂ ಹಿಟ್ಟಿನ ಕೈ ಮೇಲೆ ಹಿಡಿದು ನಿಂತರು.

"ಡಿಗ್ರಿ ಮಾಡಿದಾಕಿ ಸಲುವಾಗಿ ಹಿಟ್ಟ ಒಣಗಾಕತ್ತೈತಿ," ಎಂದಳು ಒಬ್ಬಳು.

"ಸುಮ್ನಿರಬೇ, ಸೀನಿದ್ರೂ ಬಂದ್ ಆದೀತು," ಎಂದಳು ಇನ್ನೊಬ್ಬಳು.

ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಅರ್ಜಿ ಸ್ವೀಕರಿಸಲಾಗಿದೆ ಎಂಬ ಸಾಲು ಬಂತು.

"ಆತೇನ?" ಎಂದಳು ಅವ್ವ.

"ಆತು. ಮುಟ್ಟೇತಿ."

"ಹಂಗಾರ ಬಾ, ಹಂಚಿನ ಮುಂದ ನಿಲ್ಲು."

ಪದವೀಧರೆಯಾದ ನಾನು ಎದ್ದು ಹೋಗಿ ರೊಟ್ಟಿ ಬೇಯಿಸತೊಡಗಿದೆ. ನಾಲ್ವರೂ ಕೂಡಿ ಬಡಿಯತೊಡಗಿದರು. ಅತ್ತ ಕೋಣೆಯಲ್ಲಿ ಕಂಪ್ಯೂಟರ್ ಬಂದ್ ಆಯಿತು. ಯಾರೂ ತಿರುಗಿ ನೋಡಲಿಲ್ಲ.