ಟೀ ಬಿಸಿಯಿರುವಾಗಲೇ

"ಇವತ್ತು ಬೈಯೋರು ಯಾರೂ ಇಲ್ವಾ?"

ನಿವೃತ್ತಿಯ ಹಿಂದಿನ ದಿನ, ಬೆಳಗಿನ ಸಭೆ ಬರೀ ಹೊಗಳಿಕೆಯಲ್ಲೇ ಮುಗಿದು ಎಲ್ಲರೂ ವಾರ್ಡುಗಳಿಗೆ ಹೊರಟ ಮೇಲೆ, ಖಾಲಿ ಕುರ್ಚಿಗಳ ನಡುವೆ ಕುಳಿತು ನಮ್ಮ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹೀಗೆಂದರು. ಎಲ್ಲರ ಬಾಯಲ್ಲೂ ಅವರು ದೊಡ್ಡಕ್ಕ. ಶುಶ್ರೂಷೆಯ ವೃತ್ತಿಯಲ್ಲಿ ಅವರಷ್ಟು ಕೈಗುಣವಿದ್ದವರು ಬೇರೆಯೂ ಇದ್ದಾರು; ಅವರಷ್ಟು ಕಿವಿಗೊಟ್ಟವರನ್ನು ಈ ಲೇಖಕಿ ಕಂಡಿಲ್ಲ.

ಅವರು ಅಧಿಕಾರ ವಹಿಸಿಕೊಂಡಾಗ ಕಿರಿಯ ಸಿಸ್ಟರುಗಳು ವೈದ್ಯರೆದುರು ತುಟಿ ಬಿಚ್ಚುತ್ತಿರಲಿಲ್ಲ. ದೊಡ್ಡಕ್ಕ ಒಂದು ಪದ್ಧತಿ ತಂದರು: ಆಕ್ಷೇಪವಿದ್ದವರೇ ಸಭೆಯಲ್ಲಿ ಮೊದಲು ಮಾತಾಡಬೇಕು, ಅದೂ ಟೀ ಬಿಸಿಯಿರುವಾಗಲೇ. ಟೀ ಆರಿತೆಂದರೆ ಎಲ್ಲರ ಕಣ್ಣೂ ಗಡಿಯಾರದ ಕಡೆಗೆ. ಹೊಸದಾಗಿ ಸೇರಿದ್ದ ಈ ಲೇಖಕಿ, ಹಿರಿಯ ಸರ್ಜನ್ನರು ಬರೆದ ಡೋಸ್ ಹೆಚ್ಚಾಯಿತೆಂದು ಹೇಳಿದ ದಿನ, ಮಾತು ಮುಗಿಯುವವರೆಗೂ ಅವಳ ತುಳುಕುತ್ತಿದ್ದ ಲೋಟವನ್ನು ದೊಡ್ಡಕ್ಕನೇ ಹಿಡಿದು ನಿಂತಿದ್ದರು. ಅಜ್ಜಿಯ ಕಾವ್ಯವಾಚನ ಕೇಳುತ್ತ ಬೆಳೆದವಳಿಗೆ, ಕೇಳುವುದೂ ಪೂಜೆಯೆಂದು ಮನದಟ್ಟಾದದ್ದು ಅಂದೇ.

ಆಡಳಿತ ಮಂಡಳಿಯ ವಕೀಲರು ಒಮ್ಮೆ ನಕ್ಕರು: "ವಾಕ್‌ಸ್ವಾತಂತ್ರ್ಯ ಅನ್ನೋದು ಸರ್ಕಾರದ ಎದುರಿಗೆ ಮೇಡಂ. ಖಾಸಗಿ ಆಸ್ಪತ್ರೇಲಿ ಯಾವ ಸಂವಿಧಾನ?"

"ಸಂವಿಧಾನ ಗೇಟಿನವರೆಗೆ ಬಂದು ನಿಲ್ಲುತ್ತೆ ಅಂತಾನೇ ಇಟ್ಕೊಳ್ಳಿ ಸಾರ್. ಒಳಗೆ ಬಾಯಿ ಮುಚ್ಚಿಸೋರು ನಾವೇ ಅಲ್ವಾ?" ಎಂದರು ದೊಡ್ಡಕ್ಕ, ನಗದೆ.

ಹೀಗೆ ಕೇಳಿ ಕೇಳಿ ಅವರು ಸವೆದರು. ಮನೆಗೆ ಹೋದರೆ ರೇಡಿಯೋ ಕೂಡ ಹಚ್ಚಗೊಡುತ್ತಿರಲಿಲ್ಲವೆಂದು ಅವರ ತಂಗಿ ಹೇಳುತ್ತಾರೆ.

ದೊಡ್ಡಕ್ಕನ ಗೌರವಕ್ಕೆ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ಕೂಡ ಬರೆದುಕೊಟ್ಟರು. ಸಭೆಯಲ್ಲಿ ತಮ್ಮ ಮೇಲೆ ಸುಳ್ಳು ದೂರು ಬಂದಾಗ ದೊಡ್ಡಕ್ಕ ತಡೆಯಲಿಲ್ಲ. ತಾವು ಅಳುತ್ತ ಎದ್ದುಹೋದರೂ ಹಿಂದೆ ಬಂದು ಒಂದು ಮಾತು ಕೇಳಲಿಲ್ಲ, ಎಂದು. ಸಂಪಾದಕ ಮಂಡಳಿ ಬೆಚ್ಚಿತು. ಲೇಖಕಿ ಅದನ್ನು ದೊಡ್ಡಕ್ಕನ ಮನೆಗೇ ಒಯ್ದಳು. ಓದಿ ಮುಗಿಸಿ ಅವರು ಕನ್ನಡಕ ತೆಗೆದಿಟ್ಟರು.

"ಅವತ್ತು ಸುಸ್ತಾಗಿತ್ತು ಕಣೆ. ಆದ್ರೂ ಹೋಗ್ಬೇಕಿತ್ತು."

"ಬಿಟ್ಬಿಡೋಣ ಅಕ್ಕಾ. ನಮ್ಮ ಪುಸ್ತಕ, ಯಾರು ಕೇಳ್ತಾರೆ?"

"ನೀನೂ ವಕೀಲೆ ಆಗ್ಬಿಟ್ಯಲ್ಲೇ!"

ದಣಿದ ಆ ಕಿವಿಗಳಿಗೆ ಇನ್ನಾದರೂ ನೆಮ್ಮದಿ ದೊರೆಯಲಿ, ಆಯುರಾರೋಗ್ಯ ಅವರದಾಗಲಿ, ಆಗೊಮ್ಮೆ ಈಗೊಮ್ಮೆಯಾದರೂ ಬಂದು ಹೊಸ ಹುಡುಗಿಯರಿಗೆ ಪಾಠ ಹೇಳಲಿ ಎಂದು ದೇವರಲ್ಲಿ ಬೇಡುತ್ತ, ಈ ಲೇಖನ ಗ್ರಂಥದಲ್ಲಿ ಎರಡನೆಯದಾದ ಕಾರಣವನ್ನೂ ಹೇಳಿಬಿಡಬೇಕು. ಅಂದು ಏಳುವ ಮುನ್ನ ಲೇಖಕಿ ಮತ್ತೊಮ್ಮೆ ಅಂಗಲಾಚಿದಳು.

"ಹೋಗ್ಲಿ, ಕೊನೇಲಾದ್ರೂ ಹಾಕೋಣ್ವಾ ಅಕ್ಕಾ?"

"ಆಗಲ್ಲ. ಅವಳದೇ ಮೊದಲು."